ಅಡಿಕೆ ಸಿಪ್ಪೆ, ಭತ್ತದ ಹುಲ್ಲು ಬೆರೆಸಿದರೆ ಮಣ್ಣಿನ ಇಟ್ಟಿಗೆ ಗಟ್ಟಿಯಾಗುತ್ತದೆಯೇ?

ಪ್ರಶ್ನೆ: ನಮ್ಮದು ಚನ್ನಗಿರಿ ತಾಲ್ಲೂಕು. ಅಡಿಕೆ ತೋಟವಿದೆ, ಭದ್ರಾ ನಾಲೆ ನೀರಿನಲ್ಲಿ ಸ್ವಲ್ಪ ಭತ್ತವೂ ಇದೆ. ಪ್ರತಿ ವರ್ಷ ಸುಲಿದ ಅಡಿಕೆ ಸಿಪ್ಪೆ ರಾಶಿ ಬೀಳುತ್ತದೆ. ಸುಟ್ಟರೆ ಹೊಗೆ, ಬಿಟ್ಟರೆ ಬೇಗ ಕೊಳೆಯುವುದಿಲ್ಲ. ತೋಟದಲ್ಲೇ ಎರಡು ಕೋಣೆಯ ಮನೆ ಮತ್ತು ಪಕ್ಕದಲ್ಲಿ ಒಂದು ದಾಸ್ತಾನು ಕೋಣೆ ಕಟ್ಟಬೇಕೆಂದಿದ್ದೇನೆ. ನಾರು ಬೆರೆಸಿ ಒತ್ತಿದರೆ ಮಣ್ಣಿನ ಇಟ್ಟಿಗೆ ಕಲ್ಲಿನಂತಾಗುತ್ತದೆ, ಸಿಮೆಂಟೇ ಬೇಡ ಎಂದು ಒಂದು ವಿಡಿಯೊದಲ್ಲಿ ನೋಡಿದೆ. ನಮ್ಮ ಮೇಸ್ತ್ರಿ ಮಾತ್ರ ಗೆದ್ದಲು ತಿಂದು ಗೋಡೆ ಪೊಳ್ಳಾಗುತ್ತದೆ ಅನ್ನುತ್ತಾರೆ. ಅಡಿಕೆ ಬೇಯಿಸಿದ ಚೊಗರು, ಬೆಲ್ಲ ಹಾಕಿದರೆ ನೀರು ಇಳಿಯುವುದಿಲ್ಲ ಎಂದೂ ಕೆಲವರು ಹೇಳಿದರು. ಅಕ್ಕಿ ಗಿರಣಿಯ ಬೂದಿಯೂ ಸಿಗುತ್ತದೆ. ಜಮೀನಿನ ಮೇಲ್ಭಾಗದಲ್ಲಿ ಕೆಂಪು ಮಣ್ಣು, ಕೆಳಗೆ ಎರೆ ಮಣ್ಣು. ಇವುಗಳಲ್ಲಿ ಏನು ಬೆರೆಸಬೇಕು, ಎಷ್ಟು ಬೆರೆಸಬೇಕು? ಮಳೆಗೆ ನಿಲ್ಲುತ್ತದಾ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಆಸೆಗಳಿವೆ. ಸಿಪ್ಪೆ ರಾಶಿ ಕರಗಬೇಕು, ಮನೆ ಗಟ್ಟಿಯಾಗಬೇಕು. ಇವೆರಡೂ ಒಂದೇ ಇಟ್ಟಿಗೆಯಲ್ಲಿ ಈಡೇರುವುದು ಕಷ್ಟ. ಯಾಕೆ ಎಂದು ಹೇಳುತ್ತೇನೆ, ಆಮೇಲೆ ನಿಮ್ಮ ಜಾಗದಲ್ಲಿ ನಾನಿದ್ದರೆ ಏನು ಮಾಡುತ್ತಿದ್ದೆ ಎಂದೂ ಹೇಳುತ್ತೇನೆ.

ಮೊದಲು ಗಟ್ಟಿ ಎಂಬ ಮಾತನ್ನು ನೋಡೋಣ. ಒಂದೇ ಅಂತಸ್ತಿನ ಸಾಮಾನ್ಯ ಮನೆಯ ಗೋಡೆಯ ಬುಡದಲ್ಲಿ ಬೀಳುವ ಭಾರ ಚದರ ಸೆಂಟಿಮೀಟರಿಗೆ 1–2 ಕಿಲೊ ಮಾತ್ರ. ಚೆನ್ನಾಗಿ ಒಣಗಿದ, ಏನೂ ಬೆರೆಸದ ಹಸಿ (ಅಂದರೆ ಸುಡದ) ಇಟ್ಟಿಗೆಯೂ ಸಾಮಾನ್ಯವಾಗಿ 10 ಕಿಲೊಗಿಂತ ಜಾಸ್ತಿ ತಡೆಯುತ್ತದೆ. ಹಾಗಾಗಿ ಭಾರಕ್ಕೆ ಮಣ್ಣಿನ ಗೋಡೆ ಸೋಲುವುದು ತೀರಾ ಅಪರೂಪ. ಅದು ಸೋಲುವುದು ನೀರಿಗೆ. 2009ರ ಅಕ್ಟೋಬರಿನಲ್ಲಿ ಉತ್ತರ ಕರ್ನಾಟಕದಲ್ಲಿ, ಮತ್ತೆ 2019ರ ಆಗಸ್ಟಿನಲ್ಲಿ ನೆರೆ ಬಂದಾಗ ಮಣ್ಣಿನ ಮನೆಗಳು ಸಾಲುಸಾಲಾಗಿ ಕುಸಿದದ್ದು ನಿಮಗೂ ನೆನಪಿರಬೇಕು. ಆ ಗೋಡೆಗಳು ಅದೇ ಛಾವಣಿಯ ಭಾರವನ್ನು ವರ್ಷಗಟ್ಟಲೆ ಹೊತ್ತು ನಿಂತಿದ್ದವು. ಬುಡ ನೆನೆಯಿತು, ಗೋಡೆ ಕುಳಿತುಬಿಟ್ಟಿತು.

ಒಣಗಿದಾಗ ಜೇಡಿಯ ಸಣ್ಣ ಕಣಗಳು ಒಂದಕ್ಕೊಂದು ಬಿಗಿಯಾಗಿ ಹಿಡಿದುಕೊಂಡಿರುತ್ತವೆ, ಮರಳು ಮತ್ತು ಕಲ್ಲಿನ ಚೂರುಗಳನ್ನು ಅಂಟಿಸಿಡುತ್ತವೆ. ನೀರು ಒಳಗೆ ಹೋದ ತಕ್ಷಣ ಈ ಹಿಡಿತ ಸಡಿಲವಾಗುತ್ತದೆ. ಅಲ್ಲಿ ನಾರಿದ್ದರೂ ಇಲ್ಲದಿದ್ದರೂ ವ್ಯತ್ಯಾಸ ಇಲ್ಲ, ಯಾಕೆಂದರೆ ನಾರನ್ನು ಹಿಡಿದಿಟ್ಟಿರುವುದೂ ಅದೇ ಜೇಡಿ. ಕೆಸರಿನಲ್ಲಿ ಸಿಕ್ಕಿದ ನಾರು ಏನನ್ನೂ ಹಿಡಿಯಲಾರದು. ವಿಡಿಯೊದಲ್ಲಿ ಒಣ ಇಟ್ಟಿಗೆಯ ಮೇಲೆ ನಿಂತು ತೋರಿಸುತ್ತಾರೆ. ಅದೇ ಇಟ್ಟಿಗೆಯನ್ನು ಒಂದು ರಾತ್ರಿ ಬಕೆಟ್ಟಿನಲ್ಲಿ ಮುಳುಗಿಸಿಟ್ಟು ಬೆಳಗ್ಗೆ ತೋರಿಸಬೇಕು. ಮಣ್ಣಿನ ಬ್ಲಾಕ್‌ಗಳಿಗೆ ಇರುವ ಭಾರತೀಯ ಮಾನಕ, ಐಎಸ್ 1725, ಬಲವನ್ನು ನೀರಿನಲ್ಲಿ ನೆನೆಸಿಯೇ ಅಳೆಯಬೇಕು ಎನ್ನುವುದು ಇದೇ ಕಾರಣಕ್ಕೆ. ಸಿಮೆಂಟ್ ಹಾಕಿದ ಒಳ್ಳೆಯ ಬ್ಲಾಕಿನಲ್ಲೂ ನೆನೆದಾಗಿನ ಬಲ ಒಣಗಿದಾಗಿನ ಬಲದ ಅರ್ಧದ ಹತ್ತಿರ ಇರುತ್ತದೆ, ಕೆಲವೊಮ್ಮೆ ಇನ್ನೂ ಕಡಿಮೆ.

ಹಾಗಾದರೆ ನಮ್ಮ ಹಿರಿಯರು ಮಣ್ಣಿಗೆ ಹುಲ್ಲು ಹಾಕಿ ತುಳಿಯುತ್ತಿದ್ದದ್ದು ಸುಮ್ನೆನಾ? ಖಂಡಿತ ಅಲ್ಲ. ಹಸಿ ಮಣ್ಣು ಒಣಗುವಾಗ ಕುಗ್ಗುತ್ತದೆ. ಹೊರಗಿನ ಪದರ ಮೊದಲು ಒಣಗಿ ಎಳೆಯುತ್ತದೆ, ಒಳಗೆ ಇನ್ನೂ ಹಸಿ ಇರುತ್ತದೆ, ಅಲ್ಲಿ ಬಿರುಕು ಹುಟ್ಟುತ್ತದೆ. ಹುಲ್ಲು ಆ ಬಿರುಕಿಗೆ ಅಡ್ಡ ನಿಂತು ಎರಡೂ ಬದಿಯನ್ನು ಹಿಡಿಯುತ್ತದೆ. ಒಂದು ದೊಡ್ಡ ಬಿರುಕಿನ ಬದಲು ಕಣ್ಣಿಗೆ ಕಾಣದ ಹತ್ತಾರು ಸಣ್ಣವು ಬರುತ್ತವೆ, ಅವುಗಳಿಂದ ತೊಂದರೆ ಇಲ್ಲ. ಒಳಗಿನ ತೇವ ಹುಲ್ಲಿನ ಟೊಳ್ಳಿನ ಮೂಲಕ ಹೊರಗೆ ಬರುವುದರಿಂದ ದಪ್ಪ ಇಟ್ಟಿಗೆ ಸಮನಾಗಿ ಒಣಗುತ್ತದೆ. ಸಾಗಿಸುವಾಗ ಕೈಜಾರಿ ಬಿದ್ದರೂ ಪುಡಿಯಾಗುವುದಿಲ್ಲ. ನಾರಿನಿಂದ ಸಿಗುವ ಲಾಭ ಇಷ್ಟು, ಇದೇನು ಸಣ್ಣ ಲಾಭವಲ್ಲ. ಆದರೆ ಬಿರುಕು ತಡೆಯುವುದು ಬೇರೆ, ನೀರು ತಡೆಯುವುದು ಬೇರೆ. ಮಲೆನಾಡಿನ ಹಳೆಯ ಮಣ್ಣಿನ ಗೋಡೆಗಳು ಇಷ್ಟು ಕಾಲ ನಿಂತದ್ದಕ್ಕೆ ಶ್ರೇಯಸ್ಸು ಹೋಗಬೇಕಾದದ್ದು ಕೆಳಗಿನ ಕಲ್ಲಿನ ಬುನಾದಿಗೆ, ಮೇಲಿನ ಅಗಲವಾದ ಸೂರಿಗೆ, ವರ್ಷ ವರ್ಷ ಸಾರಣೆ ಮಾಡುತ್ತಿದ್ದ ಮನೆಯ ಹೆಂಗಸರಿಗೆ.

ಇನ್ನು ನಿಮ್ಮ ಸಿಪ್ಪೆಯ ವಿಷಯ. ಇಲ್ಲಿ ಇಟ್ಟಿಗೆ ಯಾವ ಬಗೆಯದು ಎಂಬುದು ತುಂಬ ಮುಖ್ಯ. ಒಂದು, ಅಚ್ಚಿನಲ್ಲಿ ಹಸಿಯಾಗಿ ಹಾಕಿ ಬಿಸಿಲಿಗೆ ಒಣಗಿಸುವ ಹಸಿ ಇಟ್ಟಿಗೆ. ಇದಕ್ಕೆ ಜೇಡಿ ಜಾಸ್ತಿ ಬೇಕು, ನೀರು ಜಾಸ್ತಿ ಬೇಕು, ಹಾಗಾಗಿ ಕುಗ್ಗುವುದೂ ಜಾಸ್ತಿ. ನಾರಿಗೆ ಇಲ್ಲಿ ನಿಜವಾದ ಕೆಲಸ ಇದೆ. ಇನ್ನೊಂದು, ಬರೀ ತೇವ ಮಾಡಿದ ಮಣ್ಣಿಗೆ ಸಿಮೆಂಟ್ ಬೆರೆಸಿ ಯಂತ್ರದಲ್ಲಿ ಒತ್ತಿ ತೆಗೆಯುವ ಬ್ಲಾಕ್. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಹಳ್ಳಿಗಳಿಗೆ ಬೇಕಾದ ತಂತ್ರಜ್ಞಾನಕ್ಕಾಗಿ ಶುರುವಾದ ಅಸ್ತ್ರ ಕೇಂದ್ರದಲ್ಲಿ ಪ್ರೊ. ಕೆ.ಎಸ್. ಜಗದೀಶ್ ಮತ್ತು ಅವರ ಸಹೋದ್ಯೋಗಿಗಳು ಇದರ ಮೇಲೆ ದೀರ್ಘ ಕಾಲ ಕೆಲಸ ಮಾಡಿದ್ದಾರೆ. ಮರ್ದಿನಿ ಎಂಬ ಕೈಯಂತ್ರ ಬಂದದ್ದು ಈ ಕೆಲಸದಿಂದಲೇ. ಈ ಬ್ಲಾಕಿನ ಬಲ ಬರುವುದು ಎರಡು ಕಡೆಯಿಂದ: ಎಷ್ಟು ಒತ್ತೊತ್ತಾಗಿ ಕೂತಿದೆ ಎಂಬುದರಿಂದ, ಮತ್ತು ಸಿಮೆಂಟಿನಿಂದ. ಒಣಗಿದ ಬ್ಲಾಕ್ ಒಂದು ಲೀಟರ್ ಗಾತ್ರಕ್ಕೆ 1.8 ಕಿಲೊ ತೂಗಬೇಕು.

ಒತ್ತಿದ ಬ್ಲಾಕಿಗೆ ನಾರು ಜಾಸ್ತಿ ಹಾಕಿದರೆ ಆಗುವುದೇ ಉಲ್ಟಾ. ನಾರು ಹಗುರ, ಜಾಗ ಜಾಸ್ತಿ ಹಿಡಿಯುತ್ತದೆ, ಬ್ಲಾಕಿನ ತೂಕ ಇಳಿಯುತ್ತದೆ. ಒತ್ತಿದಾಗ ಬಗ್ಗಿದ ನಾರು ಯಂತ್ರದಿಂದ ಹೊರಗೆ ಬಂದ ಮೇಲೆ ಸ್ಪ್ರಿಂಗಿನಂತೆ ಹಿಗ್ಗುತ್ತದೆ, ಬ್ಲಾಕಿನ ಬದಿಯಲ್ಲಿ ಅಡ್ಡಡ್ಡ ಸೀಳು ಬಿಡುತ್ತದೆ. ಬೆರೆಸುವಾಗ ಗಂಟು ಕಟ್ಟುತ್ತದೆ, ಆ ಗಂಟು ಇರುವ ಕಡೆ ಬ್ಲಾಕ್ ಪೊಳ್ಳು. ಆಮೇಲೆ ನೀರು ಕುಡಿದು ನಾರು ಉಬ್ಬುತ್ತದೆ, ಒಣಗಿದಾಗ ಸೊರಗುತ್ತದೆ, ಸುತ್ತ ಸಂದು ಉಳಿಯುತ್ತದೆ. ಹೀಗೆ ಕೆಲವು ಮಳೆಗಾಲ ಕಳೆದರೆ ನಾರು ಇದ್ದೂ ಇಲ್ಲದಂತೆ. ಸಿಮೆಂಟಿನ ಕ್ಷಾರವೂ ನಿಧಾನಕ್ಕೆ ನಾರನ್ನು ತಿನ್ನುತ್ತದೆ.

ಹಾಗಾಗಿ ಒತ್ತಿದ ಬ್ಲಾಕಿಗೆ ಹಾಕಲೇಬೇಕು ಅಂದರೆ ಮಣ್ಣಿನ ತೂಕದ 0.5 ಶೇಕಡ ಸಾಕು, 1 ಶೇಕಡ ದಾಟಬೇಡಿ. ಇದು ಎಷ್ಟು ಅಂತ ಲೆಕ್ಕ ಹಾಕಿ. 230×190×100 ಮಿಲಿಮೀಟರ್ ಅಳತೆಯ ಒಂದು ಬ್ಲಾಕ್ ಸುಮಾರು 8 ಕಿಲೊ ತೂಗುತ್ತದೆ. ಅದಕ್ಕೆ 40 ಗ್ರಾಂ ನಾರು. ಎರಡು ಕೋಣೆಯ ಮನೆಗೆ 3000 ಬ್ಲಾಕ್ ಹಿಡಿದರೆ ಒಟ್ಟು 120 ಕಿಲೊ. ನಿಮ್ಮ ತೋಟದ ಒಂದು ವರ್ಷದ ಸಿಪ್ಪೆಗೆ ಹೋಲಿಸಿದರೆ ಇದು ಏನೇನೂ ಅಲ್ಲ. ನೇರವಾಗಿ ಹೇಳಿಬಿಡುತ್ತೇನೆ: ಮನೆ ಕಟ್ಟಿ ಸಿಪ್ಪೆ ರಾಶಿ ಕರಗಿಸಲು ಆಗುವುದಿಲ್ಲ. ರಾಶಿ ಕರಗಿಸಬೇಕೆಂಬ ಆಸೆಯಿಂದ ಬ್ಲಾಕಿಗೆ ಜಾಸ್ತಿ ಜಾಸ್ತಿ ತುರುಕುವವರನ್ನು ನನ್ನ ಕೆಲಸದಲ್ಲಿ ನೋಡುತ್ತಲೇ ಇರುತ್ತೇನೆ, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ. ಸಿಪ್ಪೆಗೆ ಸರಿಯಾದ ಜಾಗ ತೋಟವೇ. ಸಗಣಿ ಗಂಜಲದ ಜೊತೆ ಪದರ ಪದರವಾಗಿ ಹಾಕಿ ತೇವ ಕಾಯ್ದು ಗೊಬ್ಬರ ಮಾಡಿ, ಇಲ್ಲವೇ ಮರದ ಬುಡಕ್ಕೆ ಮುಚ್ಚಿಗೆ ಹಾಕಿ.

ಇನ್ನು ಸಿಪ್ಪೆಯನ್ನು ಹಾಗೆಹಾಗೇ ಮಣ್ಣಿಗೆ ಹಾಕುವಂತಿಲ್ಲ. ಹಸಿ ಸಿಪ್ಪೆಯಲ್ಲಿ ಸಕ್ಕರೆ ಅಂಶವೂ ಒಗರೂ ಇರುತ್ತವೆ, ಎರಡೂ ಸಿಮೆಂಟ್ ಗಟ್ಟಿಯಾಗಲು ಬಿಡುವುದಿಲ್ಲ. ಸಿಪ್ಪೆಯನ್ನು ಕೆಲವು ದಿನ ನೀರಿನಲ್ಲಿ ನೆನೆಸಿ, ಬಡಿದು, ನಾರು ಬಿಡಿಸಿ, ತೊಳೆದು ಒಣಗಿಸಬೇಕು. ಒಂದು ದಿನ ಸುಣ್ಣದ ತಿಳಿನೀರಿನಲ್ಲಿ ಇಟ್ಟು ಮತ್ತೆ ತೊಳೆದರೆ ಇನ್ನೂ ಒಳ್ಳೆಯದು. ಅಡಿಕೆ ನಾರು ಹೇಗೂ ಗಿಡ್ಡ, ಹೆಚ್ಚಿನದು 2ರಿಂದ 5 ಸೆಂಟಿಮೀಟರ್. ಕತ್ತರಿಸುವ ಕೆಲಸ ಉಳಿಯುತ್ತದೆ. ಇಷ್ಟೆಲ್ಲ ಶ್ರಮ ಬೇಡ ಅನ್ನಿಸಿದರೆ ತೆಂಗಿನ ನಾರು ತನ್ನಿ. ಕೊಳೆಯದಂತೆ ತಡೆಯುವ ಲಿಗ್ನಿನ್ ಎಂಬ ಅಂಶ ಅದರಲ್ಲಿ 40 ಶೇಕಡದ ಆಸುಪಾಸು ಇರುತ್ತದೆ. ಭತ್ತದ ಹುಲ್ಲಿನಲ್ಲಿ ಅದು ತುಂಬ ಕಡಿಮೆ, ಹಾಗಾಗಿ ತೇವ ಇರುವ ಕಡೆ ಹುಲ್ಲು ಮೊದಲು ಕೊಳೆಯುತ್ತದೆ. ಒಣಗಿದ ಗೋಡೆಯೊಳಗೆ ಮಾತ್ರ ಹುಲ್ಲಿಗೂ ಸಾವಿಲ್ಲ ಅನ್ನಬೇಕು. ಈಜಿಪ್ಟಿನ ಸಾವಿರಾರು ವರ್ಷ ಹಳೆಯ ಹಸಿ ಇಟ್ಟಿಗೆಗಳಲ್ಲಿ ಇಂದಿಗೂ ಹುಲ್ಲಿನ ಕಡ್ಡಿ ಕಾಣುತ್ತದೆ.

ಭತ್ತದ ಹೊಟ್ಟಿನ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ, ಯಾಕೆಂದರೆ ಬೂದಿ ಕೇಳಿದವರು ಮುಂದೆ ಹೊಟ್ಟನ್ನೂ ಹಾಕಲು ನೋಡುತ್ತಾರೆ. ಹೊಟ್ಟಿನ ಮೈ ನುಣುಪು, ಗಿಡ್ಡ ಬೇರೆ. ಮಣ್ಣನ್ನು ಅದು ಹಿಡಿಯುವುದಿಲ್ಲ. ಸುಟ್ಟ ಇಟ್ಟಿಗೆಯವರು ಹೊಟ್ಟು ಬಳಸುವುದು ಬೇರೆ ಲೆಕ್ಕ, ಅಲ್ಲಿ ಅದು ಉರಿಯುತ್ತದೆ, ಸೌದೆ ಉಳಿಯುತ್ತದೆ. ಸುಡದ ಇಟ್ಟಿಗೆಯಲ್ಲಿ ಅದರಿಂದ ಗೋಡೆ ಹಗುರವಾಗುತ್ತದೆ ಅಷ್ಟೆ.

ಬೂದಿ ಮಾತ್ರ ಒಳ್ಳೆಯ ಸಾಮಾನು, ಸರಿಯಾದದ್ದು ಸಿಕ್ಕಿದರೆ. ಹೊಟ್ಟು ಸುಟ್ಟಾಗ ಸುಮಾರು ಐದನೇ ಒಂದು ಭಾಗ ಬೂದಿ ಉಳಿಯುತ್ತದೆ, ಅದರಲ್ಲಿ 85–90 ಶೇಕಡ ಸಿಲಿಕಾ. ಹದವಾದ ಬೆಂಕಿಯಲ್ಲಿ, ಅಂದರೆ 700 ಡಿಗ್ರಿಯ ಒಳಗೆ ಸುಟ್ಟಿದ್ದರೆ ಈ ಸಿಲಿಕಾ ಸುಣ್ಣದ ಜೊತೆ ಸೇರಿ ಸಿಮೆಂಟಿನಂಥ ಅಂಟು ಆಗುತ್ತದೆ. ಬೆಂಕಿ ಅತಿಯಾದರೆ ಅದೇ ಸಿಲಿಕಾ ಹರಳುಗಟ್ಟಿ ಜಡವಾಗುತ್ತದೆ. ಗಿರಣಿಯ ಬಾಯ್ಲರಿನಲ್ಲಿ ಶಾಖವನ್ನು ಯಾರೂ ಬೂದಿಗೋಸ್ಕರ ಕಾಯುವುದಿಲ್ಲ, ಅಲ್ವಾ? ಹಾಗಾಗಿ ಒಂದು ಲೋಡಿನ ಬೂದಿಯಂತೆ ಇನ್ನೊಂದು ಇರುವುದಿಲ್ಲ. ಕಪ್ಪಗಿದ್ದರೆ ಸುಡದ ಇದ್ದಿಲು ಜಾಸ್ತಿ ಎಂದು ಅರ್ಥ. ಮನೆಯಲ್ಲೇ ನೋಡಬಹುದು: ನುಣ್ಣಗೆ ಪುಡಿ ಮಾಡಿದ ಬೂದಿ ಎರಡು ಭಾಗ, ಅರಳಿದ ಸುಣ್ಣ ಒಂದು ಭಾಗ, ಸ್ವಲ್ಪ ನೀರು ಹಾಕಿ ನಿಂಬೆ ಗಾತ್ರದ ಉಂಡೆ ಕಟ್ಟಿ. ಒದ್ದೆ ಗೋಣಿಯಲ್ಲಿ ಸುತ್ತಿ ಎರಡು ವಾರ ಇಟ್ಟು ನೀರಿನಲ್ಲಿ ಮುಳುಗಿಸಿ. ಕರಗಿ ಕೆಸರಾದರೆ ಆ ಬೂದಿ ಬೇಡ. ಗಟ್ಟಿಯಾಗಿ ಉಳಿದರೆ ಬಳಸಬಹುದು. ಸುಣ್ಣ ಇಲ್ಲದೆ ಬರೀ ಬೂದಿಯನ್ನು ಮಣ್ಣಿಗೆ ಹಾಕುವುದರಿಂದ ಏನೂ ಸಿಗುವುದಿಲ್ಲ. ಕೈಯಿಂದ ಬೆರೆಸುವಾಗ ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಳ್ಳಿ, ಆ ಧೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ.

ಚೊಗರು, ಬೆಲ್ಲದ ಮಾತು ಪೂರ್ತಿ ಸುಳ್ಳಲ್ಲ, ಜಾಗ ತಪ್ಪಿದ ಮಾತು. ಬೆಲ್ಲ, ಅಳಲೆಕಾಯಿ ಹಾಕುತ್ತಿದ್ದದ್ದು ಸುಣ್ಣದ ಗಾರೆಗೆ. ಸಿಮೆಂಟಿಗೆ ಬೆಲ್ಲ ಹಾಕಿದರೆ ಅದು ಹಿಡಿಯುವುದೇ ಇಲ್ಲ, ತೀರಾ ಸ್ವಲ್ಪ ಸಕ್ಕರೆ ಸಾಕು ಕೆಲಸ ಕೆಡಲು. ಒಗರಿನ ನೀರನ್ನು ಮಣ್ಣಿನ ಗೋಡೆಗೆ ಬಳಸುವ ಪದ್ಧತಿ ಪಶ್ಚಿಮ ಆಫ್ರಿಕಾದಲ್ಲಿದೆ. ಬುರ್ಕಿನಾ ಫಾಸೊದ ಟಿಯೆಬೆಲೆ ಊರಿನಲ್ಲಿ ಮಹಿಳೆಯರು ಚಿತ್ರ ಬರೆದ ಮಣ್ಣಿನ ಗೋಡೆಗೆ ನೆರೆ ಎಂಬ ಮರದ ಕಾಯಿಯ ಸಿಪ್ಪೆ ಬೇಯಿಸಿದ ನೀರನ್ನು ಬಳಿಯುತ್ತಾರೆ, ಬಣ್ಣಕ್ಕೆ ಹೊಳಪೂ ಬರುತ್ತದೆ, ಸ್ವಲ್ಪ ರಕ್ಷಣೆಯೂ ಸಿಗುತ್ತದೆ. ಆದರೆ ಕಾಲಕಾಲಕ್ಕೆ ಮತ್ತೆ ಬಳಿಯಲೇಬೇಕು. ನಿಮ್ಮ ಚೊಗರನ್ನು ಒಳಗೋಡೆಯ ಮಣ್ಣಿನ ಸಾರಣೆಯಲ್ಲಿ ಒಂದು ಮೂಲೆಯಲ್ಲಿ ಪ್ರಯತ್ನಿಸಿ ನೋಡಿ. ಸಿಮೆಂಟ್ ಬ್ಲಾಕಿನ ಹತ್ತಿರ ಮಾತ್ರ ತರಬೇಡಿ.

ನಿಮ್ಮ ಮೇಸ್ತ್ರಿ ಗೆದ್ದಲಿನ ಬಗ್ಗೆ ಹೇಳಿದ್ದರಲ್ಲಿ ಅರ್ಧ ನಿಜ ಇದೆ. ಗೆದ್ದಲಿಗೆ ಹುಲ್ಲು ಬೇಕು, ಜೊತೆಗೆ ತೇವವೂ ಬೇಕು. ಅದು ನೆಲದಿಂದ ಮೇಲೆ ಬರುತ್ತದೆ. ಹುಲ್ಲು ಹಾಕಿದ ಹಸಿ ಇಟ್ಟಿಗೆ ನೇರವಾಗಿ ಮಣ್ಣಿನ ಮೇಲೆ ಕೂತಿದ್ದರೆ ಗೆದ್ದಲು ಬಂದೇ ಬರುತ್ತದೆ. ನೆಲದಿಂದ ಒಂದೂವರೆ ಎರಡು ಅಡಿ ಕಲ್ಲಿನ ಕಟ್ಟಡ, ಅದರ ಮೇಲೆ ಗಟ್ಟಿಯಾದ ಕಾಂಕ್ರೀಟ್ ಪಟ್ಟಿ ಹಾಕಿ ಗೋಡೆ ಎಬ್ಬಿಸಿದರೆ ಅಪಾಯ ತುಂಬ ಕಡಿಮೆಯಾಗುತ್ತದೆ. ಗೆದ್ದಲಿನ ಮಣ್ಣಿನ ದಾರಿ ಕಲ್ಲಿನ ಮೇಲೆ ಕಣ್ಣಿಗೆ ಬೀಳುತ್ತದೆ, ಆಗಲೇ ಕೆರೆದು ತೆಗೆಯಬಹುದು. ದಾಸ್ತಾನು ಕೋಣೆಯಾದ್ದರಿಂದ ಇನ್ನೊಂದು ಎಚ್ಚರಿಕೆ: ಬಳಸುವ ಹುಲ್ಲಿನಲ್ಲಿ ಕಾಳು ಉಳಿದಿರಬಾರದು. ಕಾಳಿದ್ದರೆ ಇಲಿ ಗೋಡೆ ಕೊರೆಯುತ್ತದೆ.

ಈಗ ಮಣ್ಣು. ಎರೆ ಮಣ್ಣನ್ನು ಬ್ಲಾಕಿಗೆ ಬಳಸಬೇಡಿ. ನೀರು ಕುಡಿದು ಉಬ್ಬಿ, ಒಣಗಿ ಬಿರಿಯುವುದು ಅದರ ಗುಣ, ಎಷ್ಟು ನಾರು ಹಾಕಿದರೂ ಆ ಗುಣ ಹೋಗುವುದಿಲ್ಲ. ಅದೊಂದೇ ಸಿಗುವ ಊರುಗಳಲ್ಲಿ ಸುಣ್ಣ ಹಾಕಿ, ಮರಳು ಅಥವಾ ಕ್ವಾರಿ ಪುಡಿ ಬೆರೆಸಿ ಹದಕ್ಕೆ ತರುತ್ತಾರೆ. ನಿಮಗೆ ಕೆಂಪು ಮಣ್ಣು ಇರುವಾಗ ಆ ಗೋಜು ಯಾಕೆ? ಮನೆಯ ಬುನಾದಿಯನ್ನೂ ಎರೆ ಭೂಮಿಯ ಮೇಲೆ ಇಡಬೇಡಿ, ಮೇಲ್ಭಾಗಕ್ಕೆ ಹೋಗಿ. ಕೆಂಪು ಮಣ್ಣಿನಲ್ಲೂ ಮೇಲಿನ ಒಂದೆರಡು ಅಡಿ ಬೇರು, ಗೊಬ್ಬರ ಸೇರಿದ ಮಣ್ಣನ್ನು ತೋಟಕ್ಕೇ ಬಿಟ್ಟು ಅದರ ಕೆಳಗಿನದನ್ನು ತೆಗೆಯಿರಿ.

ಒತ್ತಿದ ಬ್ಲಾಕಿಗೆ ಮಣ್ಣಿನಲ್ಲಿ ಜೇಡಿ 10–15 ಶೇಕಡ, ಮರಳು ಮೂರರಲ್ಲಿ ಎರಡು ಭಾಗ ಇದ್ದರೆ ಚೆನ್ನ. ಜೇಡಿ ಜಾಸ್ತಿ ಇದ್ದರೆ ಕ್ವಾರಿ ಪುಡಿ ಸೇರಿಸಿ. ಇದನ್ನು ತಿಳಿಯಲು 60 ಸೆಂಟಿಮೀಟರ್ ಉದ್ದ, 4 ಅಗಲ, 4 ಆಳದ ಮರದ ಪೆಟ್ಟಿಗೆ ಮಾಡಿಸಿ. ಒಳಗೆ ಎಣ್ಣೆ ಸವರಿ, ಕಲಸಿದ ಮಣ್ಣನ್ನು ಗಾಳಿ ಇಲ್ಲದಂತೆ ತುಂಬಿ, ಮಟ್ಟ ಮಾಡಿ. ಬಿಸಿಲಿನಲ್ಲಿ ಮೂರು ದಿನ ಅಥವಾ ನೆರಳಿನಲ್ಲಿ ಒಂದು ವಾರ ಒಣಗಿದ ಮೇಲೆ ಮಣ್ಣನ್ನು ಪೂರ್ತಿ ಒಂದು ತುದಿಗೆ ಸರಿಸಿ, ಇನ್ನೊಂದು ತುದಿಯಲ್ಲಿ ಎಷ್ಟು ಜಾಗ ಬಿಟ್ಟಿದೆ ಅಳೆಯಿರಿ. 15 ಮಿಲಿಮೀಟರಿನ ಒಳಗಿದ್ದರೆ ಒಂದು ಪಾಲು ಸಿಮೆಂಟಿಗೆ 18 ಪಾಲು ಮಣ್ಣು ಸಾಕು. 15ರಿಂದ 30 ಇದ್ದರೆ 16 ಪಾಲು. 30 ದಾಟಿದರೆ ಸಿಮೆಂಟ್ ಹೆಚ್ಚಿಸುವ ಬದಲು ಕ್ವಾರಿ ಪುಡಿ ಬೆರೆಸಿ ಮತ್ತೆ ಅಳೆಯಿರಿ. ಖರ್ಚಿನ ಅಂದಾಜಿಗೆ ಹೇಳುವುದಾದರೆ, 7 ಶೇಕಡ ಸಿಮೆಂಟ್ ಹಾಕಿದರೂ 50 ಕಿಲೊ ಚೀಲದಲ್ಲಿ 85–90 ಬ್ಲಾಕ್ ಬರುತ್ತವೆ.

ನಾನಾದರೆ ಹೀಗೆ ಮಾಡುತ್ತಿದ್ದೆ. ವಾಸದ ಮನೆಗೆ ಕೆಂಪು ಮಣ್ಣು, ಕ್ವಾರಿ ಪುಡಿ, ಸಿಮೆಂಟಿನ ಒತ್ತಿದ ಬ್ಲಾಕ್, ನಾರು ಇಲ್ಲದೆ. ಮಳೆ ಹೊಡೆತಕ್ಕೆ ಸೂರು ಎರಡೂವರೆ ಅಡಿ ಮುಂದಕ್ಕೆ. ದಾಸ್ತಾನು ಕೋಣೆಗೆ ಹುಲ್ಲು ಹಾಕಿದ ಹಸಿ ಇಟ್ಟಿಗೆ: ಹತ್ತು ಬುಟ್ಟಿ ಮಣ್ಣಿಗೆ ಎರಡು ಮೂರು ಬುಟ್ಟಿ ಗಿಡ್ಡಗೆ ಕತ್ತರಿಸಿದ ಹುಲ್ಲು ಅಥವಾ ತೊಳೆದ ಅಡಿಕೆ ನಾರು, ನಾಲ್ಕೈದು ದಿನ ನೆನೆಹಾಕಿ, ದಿನಕ್ಕೊಮ್ಮೆ ತುಳಿದು, ಆಮೇಲೆ ಅಚ್ಚಿಗೆ. ನೆನೆಹಾಕಿದಾಗ ಹುಲ್ಲಿನ ಮೆತ್ತನೆಯ ಭಾಗ ಕೊಳೆತು ಮಣ್ಣಿಗೆ ಅಂಟು ಬರುತ್ತದೆ, ಈ ಹಂತ ಬಿಡಬೇಡಿ. ಗೋಡೆ ದಪ್ಪ ಒಂದೂವರೆ ಅಡಿ ಇರಲಿ. ಇದರ ಅಪಾಯವೂ ಗೊತ್ತಿರಲಿ: ಛಾವಣಿ ಸೋರಿದರೆ, ನಾಲೆ ನೀರು ಉಕ್ಕಿ ಬಂದರೆ ಈ ಗೋಡೆ ನಿಲ್ಲುವುದಿಲ್ಲ. ರಾತ್ರಿ ಜನ ಮಲಗುವ ಕೋಣೆಗೆ ಇದನ್ನು ನಿಮ್ಮ ಕಡೆ ನಾನು ಸೂಚಿಸುವುದಿಲ್ಲ.

ನಾರಿಗೆ ಎಲ್ಲಕ್ಕಿಂತ ಒಳ್ಳೆಯ ಜಾಗ ಗೋಡೆಯ ಗಿಲಾವು. ತೆಳು ಪದರ ಬೇಗ ಒಣಗಿ ಬೇಗ ಬಿರಿಯುತ್ತದೆ, ಅಲ್ಲಿ ನಾರಿನ ಉಪಕಾರ ಕಣ್ಣಿಗೆ ಕಾಣುತ್ತದೆ. ಎರಡೂ ಕಟ್ಟಡದ ಒಳಗೋಡೆಗೆ ಮಣ್ಣು, ಮರಳು, ತೊಳೆದ ಅಡಿಕೆ ನಾರು ಸೇರಿಸಿ ಗಿಲಾವು ಮಾಡಿ. ಉದುರಿದರೂ ಮನೆಗೆ ಅಪಾಯವಿಲ್ಲ, ಮತ್ತೆ ಮೆತ್ತಬಹುದು.

ಬ್ಲಾಕಿಗೂ ನಾರು ಹಾಕಿ ನೋಡಲೇಬೇಕು ಎಂಬ ಆಸೆ ಇದ್ದರೆ ನಾರು ಇಲ್ಲದ, 0.5 ಶೇಕಡದ ಮತ್ತು 1 ಶೇಕಡದ ಬ್ಲಾಕ್‌ಗಳನ್ನು ಹನ್ನೆರಡು ಹನ್ನೆರಡರಂತೆ ಒತ್ತಿಸಿ. ಒದ್ದೆ ಗೋಣಿ ಅಥವಾ ಹುಲ್ಲು ಮುಚ್ಚಿ, ನೀರು ಹಾಕುತ್ತ 28 ದಿನ ಕ್ಯೂರಿಂಗ್ ಮಾಡಿ. ಅರ್ಧದಷ್ಟನ್ನು 48 ಗಂಟೆ ನೀರಿನಲ್ಲಿಟ್ಟು ದಾವಣಗೆರೆ ಅಥವಾ ಶಿವಮೊಗ್ಗದಲ್ಲಿ ಸಿವಿಲ್ ವಿಭಾಗ ಇರುವ ಇಂಜಿನಿಯರಿಂಗ್ ಕಾಲೇಜಿಗೆ ಒಯ್ದು ಎಷ್ಟು ಭಾರ ತಡೆಯುತ್ತದೆ ಎಂದು ಪರೀಕ್ಷೆ ಮಾಡಿಸಿ. ಚದರ ಸೆಂಟಿಮೀಟರಿಗೆ 35 ಕಿಲೊ ಬಂದರೆ ನಿಶ್ಚಿಂತೆ. ಉಳಿದವನ್ನು ಒಂದು ದಿನ ನೆನೆಸಿ ಎರಡು ದಿನ ಒಣಗಿಸುವುದನ್ನು ಹನ್ನೆರಡು ಸಲ ಮಾಡಿ, ಪ್ರತಿ ಸಲ ತಂತಿ ಬ್ರಷ್‌ನಿಂದ ಉಜ್ಜಿ, ತೂಕ ಎಷ್ಟು ಇಳಿಯಿತು ಬರೆದಿಡಿ. ನಾರಿನ ಬ್ಲಾಕ್ ಬರೀ ಬ್ಲಾಕಿಗಿಂತ ಜಾಸ್ತಿ ಸವೆದರೆ ಅಲ್ಲಿಗೆ ಬಿಡಿ.

ಬ್ಲಾಕ್ ಕೆಲಸ ದೀಪಾವಳಿ ಕಳೆದು ಶುರುಮಾಡಿದರೆ ಮುಂಗಾರಿನ ಮೊದಲು ಗೋಡೆ ಎದ್ದು ಸೂರು ಕೂರುತ್ತದೆ. ಅಡಿಕೆ ಕೊಯ್ಲೂ ಅದೇ ಹೊತ್ತಿಗೆ ಬರುವುದರಿಂದ ಆಳುಗಳನ್ನು ಮೊದಲೇ ಗೊತ್ತು ಮಾಡಿಕೊಳ್ಳಿ. ಅದಕ್ಕೂ ಮುಂಚೆ ಕೆಂಪು ಮಣ್ಣನ್ನು ಎರಡು ಮೂರು ಕಡೆ ತೆಗೆದು ಪೆಟ್ಟಿಗೆ ಪರೀಕ್ಷೆ ಮಾಡಿ, ಅಳತೆಗಳನ್ನು ನನಗೆ ಬರೆದು ಕಳುಹಿಸಿ. ಕ್ವಾರಿ ಪುಡಿ ಎಷ್ಟು, ಸಿಮೆಂಟ್ ಎಷ್ಟು ಎಂಬುದನ್ನು ಅದನ್ನು ನೋಡಿ ಹೇಳುತ್ತೇನೆ.